ಎರಡನೆಯ ಸಾಲು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ
ರಾತ್ರಿ ಒಂದೂವರೆಗೆ
ಸರ್ವರಿಗೆ ಅಪ್‌ಡೇಟ್ ಕೊಟ್ಟವಳು ನಾನೇ.
ಇನ್ನೂರ ಹನ್ನೊಂದು ಪೊಟ್ಟಣ, ಒಪ್ಪಿಗೆಯೇ ಎಂದು ಕೇಳಿತು.
ಓದದೆಯೇ ಹೂಂ ಅಂದೆ,
ಬೀಗರ ಮನೆಯಲ್ಲಿ ಬಡಿಸುವಾಗ ಅನ್ನುವ ಹಾಗೆ.

ಎಲ್ಲ ಉಂಡು ಮಲಗಿತು. ಏಳಲಿಲ್ಲ.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಗೊಣಗಾಟ,
ಕೊನೆಗೆ ಕರ್ನಲ್ ಪ್ಯಾನಿಕ್.
ಬೇರು ಸಿಗುತ್ತಿಲ್ಲವಂತೆ ಅದಕ್ಕೆ.
ಆರಿಸಿದೆ, ಹೊತ್ತಿಸಿದೆ,
ಮತ್ತೆ ಆರಿಸಿ ಹತ್ತು ಎಣಿಸಿ ಹೊತ್ತಿಸಿದೆ.
ಅದೇ ಗೊಣಗಾಟ, ಅದೇ ಸಾಲಿಗೆ ಬಂದು ಅದೇ ಮೌನ.
ಫ್ಯಾನು ಮಾತ್ರ ತಿರುಗುತ್ತಿತ್ತು
ತನಗೇನೂ ಗೊತ್ತಿಲ್ಲದವರಂತೆ.

ಕಿಟಕಿಯಾಚೆ ಆಗಲೇ ಮೊದಲ ಟೆಂಪೊ, ದಿಬ್ಬೂರಹಳ್ಳಿಯದು.
ಜಾಲರಿಗೆ ಸುರಿದ ಗೂಡಿನ ಸದ್ದು ಬೇರೆ ಥರ,
ಕಡಲೆಕಾಯಿಗಿಂತ ಹಗುರ, ತುಂತುರಿಗಿಂತ ಒಣ.
ಗೂಡು ಕಾಯುವುದಿಲ್ಲ.
ಒಳಗಿನ ಹುಳು ದಿನ ಎಣಿಸುತ್ತಿರುತ್ತದೆ;
ಚಿಟ್ಟೆ ಕೊರೆದು ಬಂದರೆ ಎಳೆಯೆಲ್ಲ ತುಂಡು, ಬೆಲೆ ಮಣ್ಣು.

ತೂಕದ ಮುನಿಆಂಜಿನಪ್ಪ ಬಾಗಿಲಲ್ಲಿ ಇಣುಕಿ
"ಏನಮ್ಮಾ, ಹೋಯ್ತಾ?" ಅಂದ.
ನಾನು ಮಾತಾಡಲಿಲ್ಲ.
"ಹೋದ್ರೆ ಹೋಗ್ಲಿ ಬಿಡು, ಮೊದ್ಲು ಬಾಯಲ್ಲೇ ಕೂಗ್ತಿದ್ವಿ"
ಅಂದು ಗಂಟಲು ಸರಿಮಾಡಿಕೊಂಡ.
ದನಿಯಲ್ಲಿ ಸ್ವಲ್ಪ ಆಸೆಯೂ ಇತ್ತು.

ನಾಲ್ಕಕ್ಕೆ ಜಬೀವುಲ್ಲಾ ಅವರಿಗೆ ಫೋನು ಮಾಡಿದೆ.
ನನಗಿಂತ ಮೊದಲು ಈ ಕುರ್ಚಿ ಅವರದು.
ಗುತ್ತಿಗೆ ಮುಗಿಯಿತೆಂದು ಕಳಿಸಿದ ದಿನ
ಬೀಗದ ಕೈ, ಒಂದು ಸ್ಕ್ರೂಡ್ರೈವರು ನನ್ನ ಮುಂದಿಟ್ಟು
"ಹಳೇದನ್ನ ಅಳಿಸ್ಬೇಡಿ" ಅಂದಿದ್ದರು.
ಅವರು ಗೇಟು ದಾಟಿದ ಮೇಲೆ ನಕ್ಕಿದ್ದೆ:
ಎಂಟು ಹಳೆಯ ಕರ್ನಲ್ಲು, ಒಂದನ್ನೂ ಬಿಸಾಕದ ಮನುಷ್ಯ,
ಹರಿದ ಚಪ್ಪಲಿಯನ್ನೂ ಅಟ್ಟಕ್ಕೇರಿಸುವವರ ಪೈಕಿ.

ಮೊದಲ ರಿಂಗಿಗೇ ಎತ್ತಿದರು.
ಈಗ ಅವರದು ಆರು ಬಟ್ಟಲಿನ ಚರಕ,
ಆ ಹೊತ್ತಿಗೆ ಒಲೆ ಹೊತ್ತಿರುತ್ತದೆ.
ಆಚೆ ನೀರು ಕುದಿಯುವುದು, ರಾಟೆಯ ಗರಗರ,
ಹೆಂಗಸೊಬ್ಬರು ಯಾರನ್ನೋ ಉರ್ದುವಿನಲ್ಲಿ ಗದರುವುದು.
ಎಲ್ಲ ಕೇಳಿಸಿಕೊಂಡು, ತುಸು ಸುಮ್ಮನಿದ್ದು,
"ಬೂಟ್ ಜಾಗ ತುಂಬಿರ್ತದೆ" ಅಂದರು.
"ಹೊಸದು ಅರ್ಧ ಬರ್ಕೊಂಡು ನಿಂತೋಗಿದೆ.
ನಂದೇ ತಪ್ಪು ಮೇಡಮ್, ತುಂಬಿಸಿದ್ದು ನಾನೇ."
ಆಮೇಲೆ:
"ಹೊತ್ತಿಸಿದ ಕೂಡ್ಲೆ ಶಿಫ್ಟ್ ಒತ್ತಿ ಹಿಡ್ಕೊಳ್ಳಿ. ಪಟ್ಟಿ ಬರ್ತದೆ.
ಮೇಲಿಂದ ಎರಡನೇ ಸಾಲು."

ಒಂದು ಕೈಯಲ್ಲಿ ಶಿಫ್ಟು, ಭುಜಕ್ಕೂ ಕಿವಿಗೂ ನಡುವೆ ಫೋನು.
ಒಂಬತ್ತು ಸಾಲು ಬಂತು. ಮೇಲಿನದು ಈ ರಾತ್ರಿಯದು,
ಕಟ್ಟಕಡೆಯದು ನಾನಿನ್ನೂ ಚಿಂತಾಮಣಿಯಲ್ಲಿ
ಡಿಪ್ಲೊಮಾ ಫೇಲಾಗುತ್ತಿದ್ದ ಕಾಲದ್ದು.
ಬಾಣದ ಗುಂಡಿ, ಒಂದೇ ಸಲ ಕೆಳಕ್ಕೆ.
ಎಂಟರ್.
ಗೊಣಗಾಟ ಶುರುವಾಯಿತು. ಸಾಲು, ಸಾಲು, ಸಾಲು.
ಪ್ಯಾನಿಕ್ ಬಂದಿದ್ದ ಜಾಗ ಬಂತು
ದಾಟಿತು.

"ತುದಿ ಸಿಕ್ತಾ?" ಅಂದರು ಜಬೀವುಲ್ಲಾ.
ಕೇಳಿದ್ದು ನನಗೋ, ಬಟ್ಟಲ ಮುಂದೆ ಕೂತವರಿಗೋ ತಿಳಿಯಲಿಲ್ಲ.
ನಾನು ಹೂಂ ಅಂದೆ.

ಮುಂದಿನದು ಕಸಬರಿಕೆಯ ಕೆಲಸ.
ಅಡಿಯಿಂದ ಆರು ಅಳಿಸಿದೆ,
ಹೊಸದರ ಮೊಂಡು ತುಂಡನ್ನು ಕಿತ್ತು ಪೂರ್ತಿ ಬರೆಸಿದೆ.
ಹಳೆಯದು ಒಂದಿದ್ದರೆ ಸಾಕಂತೆ. ಎರಡು ಉಳಿಸಿದೆ.
ಚೀಟಿಯಲ್ಲಿ ಬರೆದು ರ‍್ಯಾಕಿನ ಒಳಬಾಗಿಲಿಗೆ ಅಂಟಿಸಿದೆ:
ಶಿಫ್ಟ್ ಹಿಡಿ, ಎರಡನೇ ಸಾಲು.
ಹೇಳಿಕೊಟ್ಟವರ ಹೆಸರು ಹಾಕಲಿಲ್ಲ. ಹಾಕಬೇಕಿತ್ತು.

ಹತ್ತೂವರೆಗೆ ಹರಾಜು.
ಬೋರ್ಡಿನ ಮೇಲೆ ಕೆಂಪು ಅಂಕಿಗಳು ಓಡಿದವು,
ಮುನಿಆಂಜಿನಪ್ಪ ಗಂಟಲನ್ನು ಚಾಕ್ಕೆ ಬಳಸಿದ.
ರಾತ್ರಿ ಏನಾಯಿತೆಂದು ಯಾರೂ ಕೇಳಲಿಲ್ಲ,
ಜಾಲರಿಯೊಳಗೆ ಕೈಯಾಡಿಸಿ, ಒಂದು ಗೂಡು ಕಿವಿಯ ಬಳಿ ಅಲುಗಿಸಿ,
ಎಲ್ಲರೂ ಮೊಬೈಲು ಒತ್ತುತ್ತಿದ್ದರು.

ನಲವತ್ತೇಳನೆಯ ಲಾಟು, ದಿಬ್ಬೂರಹಳ್ಳಿಯ ಗೂಡು.
ಯಾರು ಎಷ್ಟು ಕೂಗಿದರೆಂಬ ಪಟ್ಟಿ
ನನ್ನ ಪರದೆಗೆ ಮಾತ್ರ ಕಾಣುತ್ತದೆ.
ಜಬೀವುಲ್ಲಾ ಇದ್ದರು,
ಮೇಲಿಂದ ಎರಡನೆಯ ಸಾಲಿನಲ್ಲಿ.
ಎರಡು ರೂಪಾಯಿಗೆ ಸೋತಿದ್ದರು.