ಮುದ್ದೆಮಾಲು ನಂಬರ್ ಏಳು

ಹೌದ್ರಿ ಸಾಹೇಬ್ರ, ಆ ಮೈಕು ನಂದ.
ಹಿಂದ ಬರೆದದ ನೋಡ್ರಿ, ಕೆಂಪು ಪೇಂಟಿನಾಗ:
ಉರುಕುಂದಿ ಸೌಂಡ್ಸ್, ಹತ್ತಿ ಗಂಜಿನ ಹಿಂದ, ರಾಯಚೂರು.
ಅದರ ಮ್ಯಾಲೆ ನಿಮ್ಮ ಚೀಟಿ ಅಂಟಿಸ್ಯಾರ,
ಮುದ್ದೆಮಾಲು ನಂಬರ್ ಏಳು.
ಆರು ಯಾವುದ್ರಿ? ಕಲ್ಲಾ?

ಅದರಾಗ ಏನಂದ್ರು ಅಂತ ಕೇಳ್ತೀರಿ.
ನಾ ಮಾತು ಕೇಳಾವ ಅಲ್ರಿ, ಸೂಜಿ ನೋಡಾವ.
ಸೂಜಿ ಕೆಂಪಿಗೆ ಹೋದ್ರ ಇಳಸ್ತೀನಿ,
ಕುಂಯ್ ಅಂದ್ರ ಡಬ್ಬಿ ತಿರುವಿ ಇಡ್ತೀನಿ.
ಇಪ್ಪತ್ತೆರಡು ವರ್ಷದಾಗ
ಪುರಾಣಕ್ಕ ಹಚ್ಚೀನಿ, ಉರುಸಿಗೆ ಹಚ್ಚೀನಿ,
ಕ್ರಿಸ್‌ಮಸ್ಸಿಗೆ ಫಾದರ್ ಬಂಗಲೆ ಮುಂದ ಹಚ್ಚೀನಿ.
ಎಲ್ಲರೂ ಬಂದು ಮೊದಲು ಕೇಳೋದು ಒಂದ:
"ಎಕೋ ಅದನ?"

ಎಕೋ ಅಂದ್ರ
ಹುಣಸಿ ಬೀಜದಷ್ಟು ಗುಂಡಿ.
ತಿರುವಿದ್ರ,
ನಿನ್ನಿ ಅಂಗಡ್ಯಾಗ ಉದ್ದರಿ ಬೀಡಿ ಕೇಳಿದ ಮನುಷ್ಯ
ಮುಗಿಲಿನಿಂದ ಮಾತಾಡಿದಂಗ ಕೇಳ್ತಾನ.
ತನ್ನ ದನಿ ತನಗ ತಿರುಗಿ ಬರೋವಾಗ
ಅವನ ಮಾರಿ ನೋಡ್ಬೇಕ್ರಿ ನೀವು,
ಯಾರೋ ದೊಡ್ಡವರು ಹೌದು ಹೌದು ಅಂದಂಗ.

ಅವತ್ತು ಮೆರವಣಿಗಿ ನಮ್ಮ ಮಂದಿದ. ಸುಳ್ಳ್ಯಾಕ ಹೇಳ್ಲಿ.
ಮಸೂತಿ ತಿರುವಿನಾಗ ಗಾಡಿ ನಿಂತ್ತು.
"ಉರುಕುಂದಿ, ಏರಿಸು" ಅಂದ್ರು. ಏರಿಸ್ದೆ.
"ಇನ್ನಾ ಜರಾ" ಅಂದ್ರು.
ಸೂಜಿ ಕೆಂಪಿನಾಗಿತ್ತು. ಇಳಸಲಿಲ್ಲ.

ದಸ್ತಗೀರ ನನ್ನ ಹುಡುಗ. ಮಗ ಅಲ್ರಿ, ಕೆಲಸದ ಹುಡುಗ,
ಹದಿನೇಳು ತುಂಬಿದ್ವು.
ಕಂಬದ ಮ್ಯಾಲಿದ್ದ,
ನಮ್ಮ ಮೆರವಣಿಗಿ ವೈರು ಹಲ್ಲಾಗ ಕಚ್ಚಿಕೊಂಡು.
ಕಲ್ಲು ಎರಡೂ ಕಡಿಂದ ಬಂದ್ವು.
ಅವನ ಎಡಗಣ್ಣಿಗೆ ಬಿದ್ದದ್ದು ಯಾವ ಕಡಿದು
ರಿಮ್ಸ್ ಡಾಕ್ಟರಿಗೂ ತಿಳೀಲಿಲ್ಲ.
ಚೀರಿದ್ನಂತ.
ಹತ್ತು ಹೆಜ್ಜಿ ದೂರದಾಗಿದ್ದೆ, ನನಗ ಕೇಳಲಿಲ್ರಿ.
ನನ್ನ ಡಬ್ಬಿ ಅಷ್ಟು ಚಲೋ ಕೆಲಸ ಮಾಡ್ತಿತ್ತು.

ಮರುದಿನ ಪೇಪರಿನಾಗ ಎರಡೂ ಕಡಿ ಹಿರಿಯರದು ಒಂದ ಮಾತು:
ಧರ್ಮ ಹಂಗ ಹೇಳಂಗಿಲ್ಲ, ಇದು ಕಿಡಿಗೇಡಿಗಳ ಕೆಲಸ.
ಆ ಕಿಡಿಗೇಡಿ ಅನ್ನೋನ್ನ ನಾ ಇವತ್ತಿಗೂ ಕಂಡಿಲ್ಲ.
ಬಾಡಿಗಿ ರಶೀದಿ ಮ್ಯಾಲೆ ಅವನ ಸಹಿ ಇಲ್ಲ.
ರಶೀದಿ ಹರದದ್ದು ಕಮಿಟಿ ಹೆಸರಿಗೆ,
ಅಡ್ವಾನ್ಸು ಐನೂರು, ಅರಿಶಿಣ ಹತ್ತಿದ ನೋಟು.

ಹಂಗಂತ ಬೈಯಾಕ ಬಾಯಿ ಬರಂಗಿಲ್ಲ.
ಕೃಷ್ಣಾ ಹೊಳಿ ದಂಡಿ ಹಳ್ಳಿಗೆ ನುಗ್ಗಿದ ವರ್ಷ
ಇದ ಡಬ್ಬಿ, ಇದ ಕಮಿಟಿ,
"ಮಠದಾಗ ಅನ್ನ ಅದ, ಯಾವ ಓಣಿಯವರಾದ್ರೂ ಬರ್ರಿ" ಅಂತ
ಮೂರು ರಾತ್ರಿ ಒದರೀವಿ.
ದಸ್ತಗೀರನ ತಾಯಿ ತವರು ಅದ ದಂಡಿದು. ಆಕಿನೂ ಉಂಡಾಳ.
ಆ ಅನ್ನ ಧರ್ಮದ್ದು ಅಂದ್ರು,
ಕಲ್ಲಿನಾಗ ಹೆಸರು ಕೆತ್ತಿಸಿ ಬಾಗಿಲಿಗೆ ಹಾಕ್ಯಾರ.
ಇರಲಿ, ಧರ್ಮದ್ದ.
ಮತ್ತ ಈ ಕಣ್ಣು ಯಾರ ಲೆಕ್ಕದಾಗ ಬರಕೊಳ್ಳೋದು?

ವಕೀಲರು ಅಂತಾರ, ಮೈಕಿಗೆ ನಾಲಿಗಿ ಇಲ್ಲ, ಅದರದೇನು ತಪ್ಪು.
ಖರೆ.
ಆದ್ರ ಬರೇ ನಾಲಿಗಿ ಇದ್ದಿದ್ರ
ಆ ಮಾತು ತಿರುವು ದಾಟ್ತಿರಲಿಲ್ರಿ.
ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಹರವೋ ಒಬ್ಬಾಕಿ
"ಏ, ಸುಮ್ಕಿರೋ" ಅಂದಿದ್ರ ಮುಗೀತಿತ್ತು.

ಇಷ್ಟು ಹೇಳಿದ್ದು. ಬರಕೊಂಡದ್ದು ಮೊದಲಿನ ಸಾಲು ಒಂದ:
ಮೈಕು ಸಾಕ್ಷಿಯದ್ದೇ ಎಂದು ಒಪ್ಪಿರುತ್ತಾನೆ.

ಮೂರು ವರ್ಷಕ್ಕ ಡಬ್ಬಿ ಬಾಂಡ್ ಮ್ಯಾಲೆ ಬಿಟ್ರು.
ತುತ್ತೂರಿ ತುಂಬ ಶಕ್ತಿನಗರದ ಬೂದಿ, ಇಲಿ ಹಿಕ್ಕಿ.
ದಸ್ತಗೀರ ಒರೆಸಿದ, ಊದಿದ,
ಹಲೋ ಹಲೋ, ಒನ್, ಟೂ.
ದನಿ ಹೋಗಿ ಗಂಜಿನ ಗ್ವಾಡಿಗೆ ಬಡಿದು
ಬಂತು.

ಹೊತ್ತು ಮುಳುಗೋ ಮುಂದ ಬೈಕಿನಾಗ ಇಬ್ಬರು, ಡೈರಿ ಹಿಡಕೊಂಡು.
ಯಾವ ಹಬ್ಬ ಅಂತ ನಾ ಕೇಳಲಿಲ್ಲ.
"ಎಕೋ ಅದನ?"

ದಸ್ತಗೀರ ವೈರು ಸುತ್ತಾಕತ್ತಿದ್ದ,
ಮೊಣಕೈಗೊಮ್ಮಿ, ಹೆಬ್ಬೆರಳಿಗೊಮ್ಮಿ.
ಸುತ್ತೋದು ನಿಲ್ಲಿಸಿದ.
ಅದ, ಅಂದೆ.
ಮುನ್ನೂರು ಜಾಸ್ತಿ ಆಗ್ತದ.