ಬಾಟಲಿ ನಂಬರ ನಲವತ್ತೇಳು

ಇಪ್ಪತ್ತಾರು ವರ್ಷ ಆಯ್ತು,
ಕಲಬುರಗಿ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಾಗ
ಧೂಳ ಒರಸತೀನಿ ನಾನು, ಲಾಡ್ಲೇಸಾಬ.
ಕಪ್ಪಿ, ಹಾವು, ಎರಡ ತಲಿ ಕರು.
ಅವುಗಳ ಹಿಂದ, ಕಿಟಕಿ ಮೂಲ್ಯಾಗ
ಹಳದಿ ನೀರಿನಾಗ ಮುದುಡಿ ಕುಂತದ ಒಂದು.
ಚೀಟಿ ಮ್ಯಾಲ ಯಾವನೋ ಹಳೇ ಗುಮಾಸ್ತನ ಚಂದದ ಅಕ್ಷರ:
'ಇಲಿ.'

ಇಲಿ ನನಗೂ ಗೊತ್ತದ್ರಿ.
ಖೈರುನ್, ನನ್ನ ಹೆಂಡತಿ,
ಕಪನೂರಿನ ತೊಗರಿ ಮಿಲ್ಲಿನಾಗ ಕಸಾ ಹೊಡಿತಾಳ.
ಸಂಜಿಗಿ ಬಂದ್ರ ಸೆರಗಿನ ತುಂಬ ಹೊಟ್ಟು,
ಬಾಯಿ ತುಂಬ ಇಲಿ ಸುದ್ದಿ:
ಇವತ್ತ ಎಷ್ಟ ಚೀಲ ಹರದಾವ,
ತಕ್ಕಡಿ ಹಿಂದ ಹನ್ನೊಂದು ಮರಿ ಹಾಕ್ಯಾದ ಒಂದು,
ಕಣ್ಣ ಬಿಟ್ಟಿಲ್ಲ, ಕೆಂಪಗ,
ಅವರಿಕಾಳಿನಷ್ಟು.

ಖರೇ ಹೇಳಬೇಕಂದ್ರ, ಆ ಬಾಟಲಿದರ ಬಾಲದ ಮ್ಯಾಲ
ಮೊದಲಿಂದ ಸಂಶಯ ಇತ್ತು ನನಗ.
ಇಲಿ ಬಾಲ ಅಂದ್ರ ಹಳೇ ಸೈಕಲ್ಲಿನ ಬ್ರೇಕ್ ವೈರು.
ಇದಕ್ಕ ನೋಡ್ರಿ ಕೂದಲು,
ನಾನು ಬಾಟಲಿ ತೊಳಿಯೋ ಬ್ರಷ್ಷಿಗಿದ್ದಂಗ.

ಹೋದ ಜೂನಿನಾಗ ಬಂದ ಮಹಾನಂದಾ ಮೇಡಂ
ಬಾಟಲಿ ಬೆಳಕಿಗಿ ಹಿಡದು ಸುಮ್ಮ ನಿಂತರು.
'ಲಾಡ್ಲೇಸಾಬ, ಇದು ಇಲಿ ಅಲ್ಲ. ಡಾರ್ಮೌಸ್.'
ನಮ್ಮ ಮನಿ ಮಾತಿನಾಗ ಡರ್ ಅಂದ್ರ ಅಂಜಿಕಿ.
'ಅಂಜುಬುರುಕ ಇಲಿ ಏನ್ರಿ?'
ನಗಲತ್ತರು.
'ಅಂಜಿಕಿದಲ್ಲ, ನಿದ್ದಿದು.'

ದೂರದ ದೇಶದ್ದಂತ, ಹಿಮ ಬೀಳೋ ಕಡಿದು.
ಗಿಡದ ಮ್ಯಾಗೇ ಸಂಸಾರ.
ಚಳಿ ಬರೂಕಿಂತ ಮೊದಲ ತಿಂದು ತಿಂದು ಎರಡರಷ್ಟಾಗಿ
ನೆಲಕ್ಕಿಳದು, ಎಲಿ ಬುಡಕ ಉಂಡಿ ಆಗಿ,
ಮೈ ತಣ್ಣಗ ಮಾಡಕೊಂಡು,
ಬಾಲ ಮಾರಿ ಮ್ಯಾಲ ಹೊದ್ದು
ಆರ ತಿಂಗಳ ಮಲಗತದಂತ.
ಯಾರರೆ ಬಾಲ ಹಿಡದರ
ಬಾಲದ ಚರ್ಮಾನೇ ಕೈಯಾಗ ಬಿಟ್ಟು ಓಡತದಂತ.
ಹೊಟ್ಟಿ ಕೊಯ್ದು ನೋಡಿದರ, ಇಲಿಗಿರೋ ಒಂದ ಚೀಲ,
ಕರುಳಿನ ಕುರುಡ ಚೀಲ, ಇದಕ್ಕ ಇಲ್ಲಂತ.

'ಆರ ತಿಂಗಳ?'
ರೊಟ್ಟಿ ಬಡಿಯೋ ಕೈ ನಿಂತತು ಖೈರುನಂದು.
'ಅಲ್ಲೀತನ ಮರಿಗೋಳಿಗಿ ಯಾರ ಹಾಕತಾರ?'
ಮರಿ ವರ್ಷಕ್ಕೊಮ್ಮಿ ಆಗತಾವ, ನಾಕೋ ಐದೋ,
ಚಳಿ ಬರೂದರಾಗ ದೊಡ್ಡವಾಗತಾವ ಅಂದೆ.
'ಹಂಗಾರ ಶ್ರೀಮಂತರ ಮನಿದು ಬಿಡು.
ನಮ್ಮ ಮಿಲ್ಲಿನವು ಮಷೀನ ಬಂದಾದರೂ ಮಲಗಂಗಿಲ್ಲ.
ಮಲಗಿದರ ಮುಗೀತು.'
ತಿರುವಿ ಹಾಕಿದಳು ರೊಟ್ಟಿ.
ಸ್ವಲ್ಪ ತಡದು ಕೇಳಿದಳು:
'ಆದರ ಎಚ್ಚರಾದಾಗ
ಯಾವ ವಾರ ಅಂತ ಹೆಂಗ ತಿಳೀತದ ಅದಕ್ಕ?'
ಮೇಡಂಗ ಕೇಳಬೇಕಂದೆ. ಕೇಳಲಿಲ್ಲ.

ಹೊಸಾ ಚೀಟಿ ನಾನೇ ಬರದು ಅಂಟಿಸೀನಿ.
ಅಕ್ಷರ ಸೊಟ್ಟ. ಅಂಟಿನ ಕಲಿ ಹೋಗಿಲ್ಲ.
ಮಾರ್ಚಿನಾಗ ಪರೀಕ್ಷಾ.
ರಾಯಚೂರಿಂದ ಬಂದ ಸಾಹೇಬರ ಕೈಯಾಗ ಉತ್ತರದ ಹಾಳಿ:
ನಲವತ್ತೇಳು, ಇಲಿ.
ನನ್ನ ಚೀಟಿ ಮ್ಯಾಲ ಬಿಳಿ ಕಾಗದ ಸುತ್ತಿಸಿದರು, ಯಾರೂ ಓದಬಾರದಂತ.
ಮೂವತ್ತೊಂದು ಹುಡುಗರು ಇಲಿ ಅಂತ ಬರದು ಮಾರ್ಕ್ಸ ತಗೊಂಡರು.
ಜೇವರ್ಗಿ ಕಡಿದೊಂದು ಹುಡುಗಿ, ಶರಣಮ್ಮ,
ಬಾಟಲಿ ಸುತ್ತ ಎರಡ ಸಲ ತಿರುಗಿ
ಬಾಲ ನೋಡಿ ಬರದಳು:
'ಇದು ಇಲಿ ಅಲ್ಲ. ಏನಂತ ಗೊತ್ತಿಲ್ಲ.'
ಸೊನ್ನಿ.
ಅಕಿಗಿ ಒಂದ ಚಹಾ ಕುಡಿಸಬೇಕಿತ್ತು ನಾನು.

ಈಗ ಮೇ. ರಣರಣ ಬಿಸಲು.
ಇವತ್ತ ಮಿಲ್ಲ ಬಂದ್, ಕರೆಂಟೂ ಬಂದ್.
ಶಹಾಬಾದಿ ಫರಸಿಗಿ ನೀರ ಹೊಡದು
ಅದರ ಮ್ಯಾಲ ಬರೇ ಮೈಲೆ ಮಲಗ್ಯಾಳ ಖೈರುನ್,
ಮೊಳಕಾಲ ಎದಿಗಿ, ಸೆರಗ ಮಾರಿ ಮ್ಯಾಲ.
ನಾಕಕ್ಕ ಎಬ್ಬಿಸು, ನಳಾ ಬರತದ ಅಂದಿದ್ದಳು.

ನಳಾ ಬಂತು.
ಕೊಡದ ಬಾಯಿಗಿ ಅರಿವಿ ಸುತ್ತಿ ಇಟ್ಟೀನಿ,
ಸಪ್ಪಳ ಆಗಬಾರದಂತ.