ಇನ್ನೂರ ಒಂದು

ನಕ್ಷೆಯಲ್ಲಿ ನಾವಿರಲಿಲ್ಲ.
ಟೆಕ್ಸಾಸಿನ ತೀರ ದಕ್ಷಿಣದ ಅಂಚು, ನದಿಯಾಚೆ ಮೆಕ್ಸಿಕೊ,
ಈಚೆ ಕೌಂಟಿಯ ಹಾಳೆಯ ಮೇಲೆ ಬರೀ ಬಿಳಿ.
ಆ ಬಿಳಿಯೊಳಗೆ ನಮ್ಮ ಮನೆಗಳು,
ತಗಡಿನ ಮೇಲೆ ತಗಡು, ಕಂತಿನ ಮೇಲೆ ಕಂತು.
ಹೆಸರೊಂದಿತ್ತು: ನೋರಿಯಾ ಸೆಕಾ,
ಬತ್ತಿದ ಬಾವಿಯ ರಾಟೆ.
ರಾಟೆಯನ್ನು ಯಾರೂ ಕಂಡಿರಲಿಲ್ಲ.
ಬತ್ತಿದ್ದನ್ನು ಎಲ್ಲರೂ ಕಂಡಿದ್ದೆವು.

ನೀರು ಶನಿವಾರ ಲಾರಿಯಲ್ಲಿ ಬರುತ್ತಿತ್ತು.
ಕೊಚ್ಚೆ ಬರುತ್ತಲೂ ಇರಲಿಲ್ಲ, ಹೋಗುತ್ತಲೂ ಇರಲಿಲ್ಲ,
ನಿಂತೇ ಇರುತ್ತಿತ್ತು, ನಮ್ಮ ಹಾಗೆ.
ಆಂಬುಲೆನ್ಸಿನವನು ಫೋನಿನಲ್ಲಿ ಕೇಳಿದ, ಯಾವ ಬೀದಿ?
ಹಳದಿ ಬಸ್ಸೊಂದು ಕೆಟ್ಟು ನಿಂತಿದೆಯಲ್ಲ,
ಅದರ ಎಡಕ್ಕೆ ತಿರುಗಿ, ಎಂದೆ.
ಅವನು ತಿರುಗುವಷ್ಟರಲ್ಲಿ
ಒಬ್ದುಲಿಯಾಳ ಗಂಡನಿಗೆ ಯಾವ ಬೀದಿಯೂ ಬೇಕಿರಲಿಲ್ಲ.

ಒಂಬತ್ತನೆಯ ರಾತ್ರಿ, ಜಪಮಾಲೆ ಮುಗಿದು
ಕಾಫಿ ಹಂಚುವಾಗ ಅವಳೇ ಅಂದಳು:
ನಾವು ಊರಾಗೋಣ.
ಇಷ್ಟು ವರ್ಷ ಏನಾಗಿದ್ದೆವು ಹಾಗಾದರೆ?
ಯಾರೂ ಕೇಳಲಿಲ್ಲ. ಸಕ್ಕರೆ ಡಬ್ಬಿ ಕೈಯಿಂದ ಕೈಗೆ ಹೋಯಿತು.

ಊರಾಗಲು ಅರ್ಜಿ ಬೇಕಂತೆ.
ಅರ್ಜಿಗೆ ಇನ್ನೂರ ಒಂದು ತಲೆ ಬೇಕಂತೆ.
ಪೆನ್ಸಿಲು ಹಿಡಿದು ಮನೆಮನೆ ತಿರುಗಿದೆ.
ಕಲ್ಲಂಗಡಿ ಕೊಯ್ಲಿಗೆ ಉತ್ತರಕ್ಕೆ ಹೋದವರು ಲೆಕ್ಕಕ್ಕೋ?
ಹಾಸಿಗೆ ಇಲ್ಲಿದ್ದರೆ ಲೆಕ್ಕಕ್ಕೆ, ಅಂದರು ವಕೀಲರು.
ನೀವೆಸ್ ಒಂಬತ್ತು ತಿಂಗಳ ಬಸುರಿ, ಎರಡೆನ್ನಲೇ?
ಅತ್ತ ಮೇಲೆ ಎನ್ನು.
ಮೂರು ಸಲ ಎಣಿಸಿದೆ.
ಮೂರು ಸಲವೂ ಇನ್ನೂರು.

ಉಳಿದವನು ದೋನ್ ಕ್ರಿಸ್ಪೀನ್.
ಊರಿಗೊಂದು ದಾರಿಯಾದರೆ ಅವನಿಗೊಂದು.
ಕಳ್ಳಿಸಾಲಿನ ಆಚೆ, ಎಂಟು ಆಡು, ಒಂದು ರೇಡಿಯೊ.
"ಊರಾದರೆ ತೆರಿಗೆ ಬರುತ್ತದೆ,
ತೆರಿಗೆಯ ಹಿಂದೆ ಅಳತೆಯ ಟೇಪು,
ಟೇಪಿನ ಹಿಂದೆ ಒಬ್ಬ ಮನುಷ್ಯ ಬಂದು
ಈ ಆಡು ಇಲ್ಲೇಕಿದೆ ಅನ್ನುತ್ತಾನೆ.
ಆ ಮನುಷ್ಯನಿಂದ ಓಡಿಯೇ ನಾನಿಲ್ಲಿಗೆ ಬಂದದ್ದು."
ನನ್ನಲ್ಲಿ ಉತ್ತರವಿರಲಿಲ್ಲ.
ಅಷ್ಟರಲ್ಲಿ ಆಡೊಂದು ಪಟ್ಟಿಯ ಮೂಲೆ ತಿಂದಿತು,
ಸಲೀನಾಸ್ ಮನೆಯ ನಾಲ್ವರೂ ಒಂದೇ ಗುಕ್ಕಿಗೆ ಹೋದರು.
ಅವನು ನಕ್ಕ. ಹಲ್ಲಿಲ್ಲದ ಬಾಯಿ, ತುಂಬ ಹೊತ್ತು ನಕ್ಕ.
"ಬರಕೋ. ತಲೆ ಕೊಡುತ್ತೇನೆ.
ಓಟು ಕೊಡುವುದಿಲ್ಲ."

ಸರ್ವೆಯವರು ಮೂಲೆಮೂಲೆಗೆ ಕಬ್ಬಿಣದ ಗೂಟ ಊರಿದರು,
ಊರಿದ್ದಕ್ಕೇ ಇದನ್ನು ಊರು ಅನ್ನುವುದೋ ಏನೋ.
ನೆಟ್ಟಗೆ ಬಂದ ಗೆರೆ ಕಳ್ಳಿಸಾಲಿನ ಬಳಿ
ಮೊಣಕೈಯಂತೆ ಆಚೆ ಚಾಚಿತು,
ಒಬ್ಬ ಮುದುಕನನ್ನು, ಎಂಟು ಆಡನ್ನು ಒಳಗೆಳೆದುಕೊಂಡಿತು.

ಪರ ಐವತ್ತೆಂಟು, ವಿರುದ್ಧ ನಲವತ್ತೊಂದು.
ವಿರುದ್ಧದ ಒಂದು ಚೀಟಿಗೆ ಆಡಿನ ವಾಸನೆಯಿತ್ತು.

ಮೊದಲ ಸಭೆ ಬಾಲ್ದೊಮೇರೊನ ಟೈರಂಗಡಿಯಲ್ಲಿ.
ಟೈರಿನ ಮೇಲೆ ಹಲಗೆ, ಹಲಗೆಯ ಮೇಲೆ ನಾವು.
ಮೇಯರ್ ಒಬ್ದುಲಿಯಾ, ಶಾಲೆಯ ಬಸ್ಸು ಬಿಟ್ಟು ನೇರ ಬಂದವಳು,
ಸುತ್ತಿಗೆಯಿಲ್ಲದೆ ಸ್ಪ್ಯಾನರಿನಿಂದ ಮೇಜು ಕುಟ್ಟಿದಳು.
ಖಜಾನೆ: ಬಿಸ್ಕತ್ತಿನ ಡಬ್ಬಿ, ನೂರ ಹನ್ನೆರಡು ಡಾಲರು.
ನಡಾವಳಿ ಬರೆಯುವವಳು ನಾನು.

ಒಂದನೆಯ ವಿಷಯ: ಬೀದಿಗಳ ಹೆಸರು.
ಒಬ್ಬೊಬ್ಬರಿಗೂ ಒಬ್ಬೊಬ್ಬ ಸಂತ; ಒಂದು ಗಂಟೆ ಜಗಳ.
ಹಳದಿ ಬಸ್ಸಿನ ಬೀದಿಗೆ ನಿನ್ನ ಗಂಡನ ಹೆಸರಿಡೋಣ ಅಂದರು ಯಾರೋ.
ಒಬ್ದುಲಿಯಾ ಸ್ಪ್ಯಾನರನ್ನೇ ನೋಡುತ್ತಿದ್ದಳು.
"ಬೇಡ. ಫೋನಿನಲ್ಲಿ ಬೇಗ ಹೇಳಲು ಬರುವಂಥದ್ದಿಡಿ."
ಹಾಗಾಗಿ ಒಂದನೇ ಬೀದಿ, ಎರಡನೇ ಬೀದಿ, ಮೂರು, ನಾಲ್ಕು.

ಎರಡನೆಯ ವಿಷಯ: ಆಡುಗಳು.
ಕ್ರಿಸ್ಪೀನ್ ಟೋಪಿ ತೆಗೆದು ಎದ್ದು ನಿಂತ.
"ವಿರೋಧವಿದೆ. ಬರೆದೆಯಾ?"
ಬರೆದೆ.
"ಓದು."
ಕ್ರಿಸ್ಪೀನ್ ಅರಿಸ್ಪೆ, ನೋರಿಯಾ ಸೆಕಾ ನಿವಾಸಿ, ವಿರೋಧ.
"ಇನ್ನೊಮ್ಮೆ," ಎಂದ.

ಇನ್ನೊಮ್ಮೆ ಓದುತ್ತಿರುವಾಗಲೇ
ಹೊರಗೆ ನೀರಿನ ಲಾರಿ ಹಾರನ್ ಹೊಡೆಯಿತು.
ಕೋರಂ ಮುರಿಯಿತು. ಬಕೆಟ್ಟು ಹಿಡಿದು ನಾನೂ ಓಡಿದೆ,
ಸಭೆ ಮುಗಿದ ಹೊತ್ತು ಬರೆಯಲು ಮರೆತೆ.